ಸೋತಾಗಲೆಲ್ಲ ದುಪ್ಪಟ್ಟು ಕಟ್ಟಿದರೆ ಗೆಲುವು ಖಚಿತವೇ? ಲಕ್ಷ ಜನರನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡೋಣ

“100 ರೂಪಾಯಿ ಕಟ್ಟಿ. ಸೋತರೆ 200, ಮತ್ತೆ ಸೋತರೆ 400. ಒಂದು ಸಲ ಗೆದ್ದರೂ ಸಾಕು, ಕಳೆದದ್ದೆಲ್ಲ ವಾಪಸ್, ಮೇಲೆ 100 ರೂಪಾಯಿ ಲಾಭ!” ಬಣ್ಣ ಊಹಿಸಿ ಹಣ ಗೆಲ್ಲುವ ಆ್ಯಪ್‌ಗಳ ಲಿಂಕ್ ಜೊತೆಗೆ ಈ ಧಾಟಿಯ ಸಂದೇಶಗಳು ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಇದು ಗಣಿತದಿಂದ ಸಾಬೀತಾದ ಉಪಾಯ ಎಂದು ಕೆಲವರು ಸೇರಿಸುವುದೂ ಉಂಟು. ಹೌದೇ?

ಕೂಡು-ಕಳೆ ಲೆಕ್ಕದಲ್ಲೇನೂ ತಪ್ಪಿಲ್ಲ. 100, 200, 400 ಸೋತರೆ ಹೋದದ್ದು 700. ನಾಲ್ಕನೇ ಸಲ 800 ಕಟ್ಟಿ ಗೆದ್ದರೆ 100 ಉಳಿಯಿತು. ಉಪಾಯವೂ ಹೊಸದಲ್ಲ, 18ನೇ ಶತಮಾನದಲ್ಲೇ ಫ್ರಾನ್ಸಿನ ಜೂಜುಕೋರರು ಇದನ್ನು ಬಳಸುತ್ತಿದ್ದರು. ಇದರ ಹೆಸರು ‘ಮಾರ್ಟಿಂಗೇಲ್’. ಸಂದೇಶದಲ್ಲಿ ಬರೆಯದೆ ಬಿಟ್ಟಿರುವುದು ಒಂದೇ ವಿಷಯ: ನಿಮ್ಮ ಜೇಬಿನಲ್ಲಿ ಎಷ್ಟಿದೆ?

12,700 ರೂಪಾಯಿ ಇದೆ ಎಂದುಕೊಳ್ಳಿ. 100, 200, 400, 800, 1,600, 3,200, 6,400 – ಏಳು ಸಲ ಕಟ್ಟುವಷ್ಟರಲ್ಲಿ ಅಷ್ಟೂ ಮುಗಿಯುತ್ತದೆ. ಏಳೂ ಸಲ ಸೋತರೆ ಎಂಟನೆಯದಕ್ಕೆ ಕಾಸಿಲ್ಲ. “ಏಳು ಸಲ ಯಾರಾದರೂ ಸಾಲಾಗಿ ಸೋಲುತ್ತಾರಾ?” ಎಂದು ಎಲ್ಲರೂ ಕೇಳುವುದು ಇಲ್ಲೇ. ಇದಕ್ಕೆ ವಾದ ಮಾಡಿ ಪ್ರಯೋಜನವಿಲ್ಲ, ಆಡಿಸಿಯೇ ನೋಡಬೇಕು. ನಮ್ಮ ದುಡ್ಡಿನಿಂದಲ್ಲ, ಕಂಪ್ಯೂಟರಿನಲ್ಲಿ.

ಆಡಿಸುವುದು ಹೇಗೆ?

ಪೈಥಾನ್ ಭಾಷೆಯಲ್ಲಿ ಸುಮಾರು ಇಪ್ಪತ್ತು ಸಾಲಿನ ಪ್ರೋಗ್ರಾಂ ಸಾಕು. ಗೂಗಲ್ ಕೊಲ್ಯಾಬ್‌ನಂಥ ಉಚಿತ ತಾಣದಲ್ಲಿ, ಮೊಬೈಲ್ ಬ್ರೌಸರಿನಲ್ಲೇ ಓಡಿಸಬಹುದು. ಕಂಪ್ಯೂಟರಿಗೆ ನಾವು ಹೇಳುವುದು ಇಷ್ಟು: ಒಂದು ನಾಣ್ಯ ಚಿಮ್ಮು. ಬೆನ್ನು ಬಿದ್ದರೆ ಪಣ ದುಪ್ಪಟ್ಟು ಮಾಡು, ತಲೆ ಬಿದ್ದರೆ 100 ರೂಪಾಯಿ ಲಾಭ ಬರೆದುಕೊಂಡು ಹೊಸ ಸುತ್ತು ಶುರು ಮಾಡು. ಸಾಲಾಗಿ ಏಳು ಬೆನ್ನು ಬಿದ್ದರೆ ಆ ಮನುಷ್ಯನ ಬಂಡವಾಳ ಮುಗಿಯಿತು, ನಿಲ್ಲಿಸು. ದಿನಕ್ಕೆ ಹತ್ತು ಸುತ್ತು, ಮೂವತ್ತು ದಿನ. ಗೆದ್ದ ಹಣ ಮನೆಖರ್ಚಿಗೆ ಹೋಯಿತು, ಬಂಡವಾಳ ಅಷ್ಟೇ ಉಳಿಯಿತು ಎಂದು ಹಿಡಿಯೋಣ. ಇದನ್ನೇ ಒಂದು ಲಕ್ಷ ಜನರಿಗೆ ಮಾಡು.

ಪ್ರತಿ ಸಲ ಓಡಿಸಿದಾಗಲೂ ಅಂಕಿ ಚೂರುಪಾರು ಬದಲಾಗುತ್ತದೆ, ಆದರೆ ಸುತ್ತುವುದು ಒಂದೇ ಜಾಗದ ಸುತ್ತ. ಮೊದಲ ದಿನ ಮುಗಿದಾಗ ಲಕ್ಷದಲ್ಲಿ ಸುಮಾರು 92,400 ಮಂದಿ ತಲಾ 1,000 ರೂಪಾಯಿ ಗೆದ್ದು ಖುಷಿಯಾಗಿರುತ್ತಾರೆ. ಒಂಬತ್ತನೇ ದಿನದ ಹೊತ್ತಿಗೆ ಅರ್ಧಕ್ಕರ್ಧ ಜನರ ಬಂಡವಾಳ ಮುಳುಗಿರುತ್ತದೆ. ತಿಂಗಳ ಕೊನೆಗೆ ಉಳಿಯುವವರು 9,500 ಮಂದಿ ಮಾತ್ರ.

ಮೊದಲ ದಿನದ ಅಂಕಿಯನ್ನು ಇನ್ನೊಮ್ಮೆ ನೋಡಿ. ಈ ಸಂದೇಶ ಹಬ್ಬುವ ಗುಟ್ಟು ಅಲ್ಲೇ ಇದೆ. ಆಡಿದ ಹತ್ತರಲ್ಲಿ ಒಂಬತ್ತು ಜನರಿಗೆ ಅದು ‘ಕೆಲಸ ಮಾಡಿದೆ’. ಅವರು ಸುಳ್ಳು ಹೇಳುತ್ತಿಲ್ಲ. ಸ್ಕ್ರೀನ್‌ಶಾಟ್ ಕೂಡ ಅಸಲಿಯೇ ಇರಬಹುದು. ಎರಡನೇ ವಾರ ಹಣ ಕಳೆದುಕೊಂಡವರು ಗುಂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕುವುದಿಲ್ಲ, ಸುಮ್ಮನೆ ಹೊರಗೆ ಹೋಗುತ್ತಾರೆ.

ಪ್ರೋಗ್ರಾಂ ಬೇಡ, ಬೆರಳಲ್ಲೇ ಎಣಿಸುತ್ತೇವೆ ಎನ್ನುವವರಿಗೆ: ಏಳು ಸಲ ಸಾಲಾಗಿ ಸೋಲುವ ಸಾಧ್ಯತೆ 128ರಲ್ಲಿ 1. ಅಂದರೆ 128 ಸುತ್ತಿನಲ್ಲಿ ಸರಾಸರಿ 127 ಸಲ 100 ರೂಪಾಯಿ ಬರುತ್ತದೆ, ಒಟ್ಟು 12,700. ಉಳಿದ ಒಂದು ಸಲ ಹೋಗುವುದು ಅದೇ 12,700. ಲಾಭ ಸೊನ್ನೆ!

ಇದೂ ನಿಯತ್ತಿನ ನಾಣ್ಯದ ಕಥೆ. ಜೂಜುಕಟ್ಟೆಯ ರೂಲೆಟ್ ಚಕ್ರದಲ್ಲಿ 18 ಕೆಂಪು, 18 ಕಪ್ಪು ಮನೆಗಳ ಜೊತೆ ಹಸಿರು ಸೊನ್ನೆಯ ಮನೆ ಒಂದಿದೆ. ಅದೊಂದೇ ಮನೆಯಿಂದ ಮುಳುಗುವ ಸಾಧ್ಯತೆ ಸುಮಾರು 106 ಸುತ್ತಿಗೆ ಒಂದಾಗುತ್ತದೆ. 105 ಸಲ ಗೆದ್ದು ಬಂದ 10,500 ರೂಪಾಯಿಗೆ ಒಂದು ಸಲದ 12,700 ನಷ್ಟ. ಇನ್ನು ಆ್ಯಪ್‌ನ ಸರ್ವರ್ ಒಳಗೆ ಬಣ್ಣ ಯಾರು ಆರಿಸುತ್ತಾರೆ ಎಂಬುದು ಆಡುವವರಿಗೆ ಕಾಣುವುದೇ ಇಲ್ಲ. ಅಂದಹಾಗೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ.

ಈ ವಿಧಾನಕ್ಕೆ ಜೂಜಿನೂರಿನ ಹೆಸರು

ಉತ್ತರವನ್ನು ಸೂತ್ರದಿಂದ ಹುಡುಕುವ ಬದಲು ಸಾವಿರಾರು ಸಲ ಆಡಿಸಿ ಎಣಿಸುವ ಈ ವಿಧಾನಕ್ಕೆ ‘ಮಾಂಟೆ ಕಾರ್ಲೊ’ ಎನ್ನುತ್ತಾರೆ. 1946ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಾಂ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬರೇ ಆಡುವ ಇಸ್ಪೀಟು ಆಡುತ್ತಿದ್ದರು. ಆಟ ಗೆಲ್ಲುವ ಸಾಧ್ಯತೆ ಎಷ್ಟೆಂದು ಲೆಕ್ಕ ಹಾಕಲು ಹೊರಟು ಸಾಕಾಗಿ, ನೂರು ಸಲ ಆಡಿ ಎಷ್ಟು ಗೆದ್ದೆ ಎಂದು ಎಣಿಸುವುದೇ ಸುಲಭವಲ್ಲವೇ ಎಂದುಕೊಂಡರು. ಜಾನ್ ಫಾನ್ ನಾಯ್ಮನ್ ಅವರೊಡನೆ ಸೇರಿ ಅದನ್ನು ಪರಮಾಣು ಸಂಶೋಧನೆಗೆ ತಂದರು. 1948ರಲ್ಲಿ ಎನಿಯಾಕ್ ಎಂಬ ಕಂಪ್ಯೂಟರಿನಲ್ಲಿ ಅಂಥ ಲೆಕ್ಕಗಳು ಓಡಿದವು. ಜೂಜಿಗೆಂದು ಮಾಂಟೆ ಕಾರ್ಲೊಗೆ ಹೋಗಲು ನೆಂಟರಲ್ಲಿ ಸಾಲ ಕೇಳುತ್ತಿದ್ದ ಚಿಕ್ಕಪ್ಪನೊಬ್ಬ ಉಲಾಂಗೆ ಇದ್ದನಂತೆ. ಹೆಸರು ಬಂದದ್ದು ಅಲ್ಲಿಂದ.

ಅದೇ ಮಾಂಟೆ ಕಾರ್ಲೊದಲ್ಲಿ 1913ರ ಆಗಸ್ಟ್ 18ರಂದು ರೂಲೆಟ್ ಚೆಂಡು ಸಾಲಾಗಿ 26 ಸಲ ಕಪ್ಪಿನ ಮೇಲೇ ನಿಂತಿತು. ಇಷ್ಟು ಕಪ್ಪು ಬಂದ ಮೇಲೆ ಇನ್ನು ಕೆಂಪೇ ಬರಬೇಕು ಎಂದು ಜನ ಕೆಂಪಿನ ಮೇಲೆ ಸುರಿದು ಲಕ್ಷಾಂತರ ಫ್ರಾಂಕ್ ಕಳೆದುಕೊಂಡರು. ಚೆಂಡಿಗೆ ಹಿಂದಿನ ಸಲದ ನೆನಪಿರುವುದಿಲ್ಲ. ಅಂದು 100 ರೂಪಾಯಿಯಿಂದ ಶುರು ಮಾಡಿ ಕೆಂಪಿನ ಮೇಲೆ ದುಪ್ಪಟ್ಟು ಮಾಡುತ್ತಾ ಹೋಗಿದ್ದರೆ 26ನೇ ಪಣ 335 ಕೋಟಿ ರೂಪಾಯಿ ದಾಟುತ್ತಿತ್ತು.

ಅಷ್ಟು ದೂರ ಹೋಗುವುದೂ ಬೇಡ. ಮನೆಯಲ್ಲಿ ನಾಣ್ಯವನ್ನು 100 ಸಲ ಚಿಮ್ಮಿ ಬರೆದಿಡಿ. ತಲೆಯೋ ಬೆನ್ನೋ, ಯಾವುದಾದರೊಂದು ಮುಖ ಸಾಲಾಗಿ ಏಳು ಸಲ ಬೀಳುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ನಂಬಿಕೆ ಬರದಿದ್ದರೆ ಬೇಸರವಿಲ್ಲ. ಮೂರು ಬಾಗಿಲುಗಳ ಒಗಟಿನ ಉತ್ತರವನ್ನು ಹೆಸರಾಂತ ಗಣಿತಜ್ಞ ಪಾಲ್ ಎರ್ಡಿಶ್ ಕೂಡ ತರ್ಕದಿಂದ ಒಪ್ಪಲಿಲ್ಲ. ಗೆಳೆಯರೊಬ್ಬರು ಕಂಪ್ಯೂಟರಿನಲ್ಲಿ ಮತ್ತೆಮತ್ತೆ ಆಡಿಸಿ ತೋರಿಸಿದ ಮೇಲಷ್ಟೇ ಒಪ್ಪಿದರು.

“ದುಪ್ಪಟ್ಟು ಹಳೆಯದು, ಈಗ ಮೂರು ಪಟ್ಟು ಕಟ್ಟಿ” ಎಂಬ ಸಂದೇಶವೂ ಬರಬಹುದು. ಪ್ರೋಗ್ರಾಂನಲ್ಲಿ 2 ಇರುವಲ್ಲಿ 3 ಹಾಕಿದರಾಯಿತು. 100, 300, 900, 2,700, 8,100 – ಐದೇ ಸಲಕ್ಕೆ 12,100 ರೂಪಾಯಿ ಖಾಲಿ, ಆರನೆಯದಕ್ಕೆ ಹಣ ಸಾಲದು. ನಾಣ್ಯ ನಿಯತ್ತಿನದಾಗಿದ್ದರೂ ನೂರರಲ್ಲಿ 27 ಮಂದಿ ಮೊದಲ ದಿನವೇ ಮುಳುಗುತ್ತಾರೆ.