ಮೇಳ ಚದುರಿದ ಮೇಲೆ

ನಮ್ಮ ಹರವೆಯ ಸೀಮೆಯಲ್ಲಿ ನೀಲಗಾರರು ಮಂಟೇಸ್ವಾಮಿ ಕಾವ್ಯ ಹಾಡುವಾಗ, ಮುಖ್ಯ ಗಾಯಕನ ಉಸಿರು ತಗ್ಗಿದೆಡೆ ಹಿಮ್ಮೇಳ ಎತ್ತಿಕೊಳ್ಳುತ್ತದೆ. ಆ ಆಸರೆ ತಪ್ಪಿದ ಹಾಡುಗಾರನ ಪಾಡೇನು?

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಅದನ್ನು ಕಂಡವರು. ಭರತನಾಟ್ಯ ಕಲಿತ, ಸೂಕ್ಷ್ಮಜೀವಿಶಾಸ್ತ್ರ ಓದಿದ ಈ ತರುಣ ಗಿಟಾರು ಹಿಡಿದು ಕಟ್ಟಿದ ‘ಅಂತರಾಗ್ನಿ’ ತಂಡ ಹೆಸರು ಗಳಿಸಿ, ಬಳಿಕ ಚದುರಿತು. 2008ರಲ್ಲಿ ಅವರ ಸ್ವಂತ ಹೆಸರಿನ ಧ್ವನಿಮುದ್ರಿಕೆಯನ್ನು ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಹೊರತಂದರು. ತಲೆಬರಹದಲ್ಲಿ ‘ಅಂತರಾಗ್ನಿ’ಯೂ ಉಳಿಯಿತು; ಹಳೆಯ ಋಣವಿರಬೇಕು.

ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅಲ್ಲಿ ಶಿಶುನಾಳ ಶರೀಫರ (1819–1889) ಎರಡು ತತ್ತ್ವಪದಗಳಿವೆ. ಸಿ. ಅಶ್ವತ್ಥರ ಕಂಠದಲ್ಲಿ ಶರೀಫರನ್ನು ಕೇಳಿದ್ದ ನನಗೆ ಗಿಟಾರಿನ ಅಬ್ಬರ ಮೊದಲು ಒಗ್ಗಲಿಲ್ಲ. ಆದರೆ ತತ್ತ್ವಪದ ಏಕತಾರಿಯೊಂದನ್ನೇ ನಂಬಿ ಊರೂರು ಅಲೆದದ್ದು. ಮೇಳ ಕಳೆದುಕೊಂಡವನ ಬಾಯಲ್ಲಿ, ಸೋರುವ ಮಾಳಿಗೆಯ ಆ ಪದ ನನಗೆ ಹೊಸದಾಗಿ ಕೇಳಿಸಿತು.