ದಿನಗೂಲಿಯವರ ಪಿ.ಎಫ್.: ತಿಂಗಳ ಲೆಕ್ಕ ತಪ್ಪದಿರಲಿ

ನಮ್ಮ ಧರ್ಮಕೇಂದ್ರಗಳಲ್ಲಿ ಬೀಡಿ ಕಟ್ಟುವ, ಗೋಡಂಬಿ ಕಾರ್ಖಾನೆಗೆ ಹೋಗುವ, ಶಾಲೆ-ಆಸ್ಪತ್ರೆಗಳಲ್ಲಿ ದಿನಗೂಲಿಗೆ ದುಡಿಯುವ ಕುಟುಂಬಗಳು ಅನೇಕ. ನೌಕರರ ಭವಿಷ್ಯ ನಿಧಿ, ಅಂದರೆ ಪಿ.ಎಫ್., ಕಾಯಂ ನೌಕರರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. 1952ರಲ್ಲಿ ಆರಂಭವಾದ ಈ ಯೋಜನೆಗೆ ಒಳಪಟ್ಟ ಸಂಸ್ಥೆಗಳಲ್ಲಿ ದಿನಗೂಲಿಯವರೂ ಗುತ್ತಿಗೆದಾರರ ಮೂಲಕ ದುಡಿಯುವವರೂ ಸೇರುತ್ತಾರೆ. ಮನೆಯಲ್ಲೇ ಬೀಡಿ ಕಟ್ಟುವವರಿಗೂ ಇದು ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 1985ರಲ್ಲಿ ತೀರ್ಪಿತ್ತಿದೆ.

ಸಾಮಾನ್ಯವಾಗಿ ವೇತನದಿಂದ ಶೇ. 12, ಬೀಡಿ ಉದ್ಯಮದಲ್ಲಿ ಶೇ. 10 ಕಡಿತವಾಗುತ್ತದೆ. ಮಾಲೀಕರೂ ಅಷ್ಟೇ ಕೊಡಬೇಕು. ಅವರ ಪಾಲನ್ನು ಕೂಲಿಯಿಂದ ಮುರಿಯುವಂತಿಲ್ಲ. ಆ ಪಾಲಿನಲ್ಲಿ ವೇತನದ ಶೇ. 8.33 ಪಿಂಚಣಿಗೆ ಹೋಗುತ್ತದೆ.

ಹಣ ಮುರಿದುಕೊಂಡರೆ ಕೆಲಸ ಮುಗಿಯಲಿಲ್ಲ. ಪ್ರತಿಯೊಬ್ಬರ ಹೆಸರು, ಯು.ಎ.ಎನ್. ಸಂಖ್ಯೆ, ವೇತನ, ವಂತಿಗೆ, ವೇತನವಿಲ್ಲದ ದಿನಗಳು ಇರುವ ವಿವರಪಟ್ಟಿಯನ್ನು ಮುಂದಿನ ತಿಂಗಳ 15ರೊಳಗೆ ಸಲ್ಲಿಸಿ ಹಣ ಕಟ್ಟಬೇಕು. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಆ ತಿಂಗಳ ವಂತಿಗೆ ಕಾರ್ಮಿಕರ ಖಾತೆಗೆ ಸೇರದು. ಮಾಸಿಕ ಪಿಂಚಣಿಗೆ 10 ವರ್ಷಗಳ ಸೇವೆ ಅಗತ್ಯ. ಬಿಟ್ಟುಹೋದ ತಿಂಗಳುಗಳು ಇಳಿವಯಸ್ಸಿನಲ್ಲಿ ಕಾಡುತ್ತವೆ.

ಸಂಸ್ಥೆಗಳ ಆಡಳಿತಗಾರರು ಹಾಜರಿ ಪುಸ್ತಕ, ಸಂಬಳ ಪಟ್ಟಿ, ಚಲನ್ ಮೂರನ್ನೂ ಪ್ರತಿ ತಿಂಗಳು ತಾಳೆ ನೋಡಬೇಕೆಂದು ವಿನಂತಿಸುತ್ತೇವೆ. ಯುವಜನರು ತಮ್ಮ ವಾಳೆಯ ಹಿರಿಯರಿಗೆ ಪಿ.ಎಫ್. ಪಾಸ್‌ಬುಕ್ಕನ್ನು ಮೊಬೈಲಿನಲ್ಲಿ ತೆರೆದು ತೋರಿಸಲಿ. ನ್ಯಾಯವಾದ ಕೂಲಿ ಕಾರ್ಮಿಕರ ಹಕ್ಕೆಂದು ಪೋಪ್ 13ನೇ ಲಿಯೋ 1891ರಲ್ಲೇ ವಿಶ್ವಪತ್ರದ ಮೂಲಕ ಬೋಧಿಸಿದರು. ಪಿ.ಎಫ್.ಗಾಗಿ ಮುರಿದ ಹಣವೂ ಕೂಲಿಯೇ.