ವಿದೇಶಿ ವಿದ್ಯಾರ್ಥಿಯಾಗಿ ಧರ್ಮಾಧ್ಯಯನ: ಬ್ರಿಟನ್ನಿನಲ್ಲಿ ಸ್ನಾತಕ ಪದವಿ ವ್ಯಾಸಂಗದ ಕುರಿತು ಮಾಹಿತಿ

ಪೀಠಿಕೆ

ದ್ವಿತೀಯ ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ ನಂತರ ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳಲ್ಲಿ ಧರ್ಮಾಧ್ಯಯನವನ್ನು ಮುಖ್ಯ ವಿಷಯವನ್ನಾಗಿ ವ್ಯಾಸಂಗ ಮಾಡಬಯಸುವ ವಿದ್ಯಾರ್ಥಿಗಳ ಮತ್ತು ಅವರ ಪೋಷಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ವೈದ್ಯಕೀಯ, ತಾಂತ್ರಿಕ ಹಾಗೂ ವಾಣಿಜ್ಯ ವಿಷಯಗಳ ಬಗ್ಗೆ ಮಾಹಿತಿ ನೀಡುವವರು ಹಲವರಿದ್ದಾರೆ. ಈ ವಿಷಯದ ಬಗ್ಗೆ ವಿರಳ. ಆದ್ದರಿಂದ ವಿಷಯದ ಸ್ವರೂಪ, ಪ್ರವೇಶ ವಿಧಾನ, ವೆಚ್ಚ, ವೀಸಾ ಮತ್ತು ಸ್ವದೇಶದಲ್ಲಿ ಪದವಿಯ ಮಾನ್ಯತೆ ಇವುಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ವಿಷಯದ ಸ್ವರೂಪ

ಧರ್ಮಾಧ್ಯಯನವು ಧಾರ್ಮಿಕ ಶಿಕ್ಷಣವಲ್ಲ ಎಂಬುದನ್ನು ವಿದ್ಯಾರ್ಥಿಗಳು ಮೊಟ್ಟಮೊದಲು ಮನಗಾಣತಕ್ಕದ್ದು. ಧಾರ್ಮಿಕ ಶಿಕ್ಷಣವು ಒಂದು ಮತದ ಆಚರಣೆ ಮತ್ತು ಶ್ರದ್ಧೆಗಳಲ್ಲಿ ವ್ಯಕ್ತಿಯನ್ನು ತರಬೇತುಗೊಳಿಸುತ್ತದೆ. ಧರ್ಮಾಧ್ಯಯನವಾದರೋ ವಿವಿಧ ಮತಗಳ ಗ್ರಂಥ, ಇತಿಹಾಸ, ಆಚರಣೆ, ತತ್ತ್ವ ಮತ್ತು ಸಾಮಾಜಿಕ ಪಾತ್ರವನ್ನು ಆಧಾರಸಹಿತವಾಗಿ ಪರಿಶೀಲಿಸುತ್ತದೆ. ವಿದ್ಯಾರ್ಥಿಯು ಆಸ್ತಿಕನೋ ನಾಸ್ತಿಕನೋ, ಯಾವ ಮತದವನೋ ಎಂಬುದು ಇಲ್ಲಿ ಪ್ರವೇಶದ ಅರ್ಹತೆಯಲ್ಲ. ಇದರೊಡನೆ ದೈವಶಾಸ್ತ್ರ ಅಥವಾ ಥಿಯಾಲಜಿ ಎಂಬ ಹಳೆಯ ಶಾಖೆಯೂ ಇದ್ದು, ಅದು ಹೆಚ್ಚಾಗಿ ಕ್ರೈಸ್ತ ಪರಂಪರೆಯ ಚಿಂತನೆಯನ್ನು ಕೇಂದ್ರವಾಗಿರಿಸಿಕೊಂಡಿದೆ. ಅನೇಕ ವಿಶ್ವವಿದ್ಯಾನಿಲಯಗಳು ಇವೆರಡನ್ನೂ ಒಂದೇ ಪದವಿಯಡಿ ಬೋಧಿಸುತ್ತವೆ. ಆದಕಾರಣ ಪದವಿಯ ಹೆಸರನ್ನಷ್ಟೇ ನೋಡದೆ, ಮೂರು ವರ್ಷಗಳ ಪಠ್ಯಪತ್ರಿಕೆಗಳ ಪಟ್ಟಿಯನ್ನು ಪೂರ್ಣವಾಗಿ ಓದುವುದು ಅವಶ್ಯ.

ಭಾರತದಲ್ಲಿನ ಹಿನ್ನೆಲೆ

ಈ ವ್ಯತ್ಯಾಸವು ನಮ್ಮ ದೇಶಕ್ಕೆ ಹೊಸತೇನಲ್ಲ. ಸಂವಿಧಾನದ 28ನೇ ಅನುಚ್ಛೇದವು ಸಂಪೂರ್ಣವಾಗಿ ರಾಜ್ಯದ ನಿಧಿಯಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಕೊಠಾರಿ ಆಯೋಗವು (1964-66) ಧಾರ್ಮಿಕ ಶಿಕ್ಷಣ ಬೇರೆ, ಧರ್ಮಗಳ ಬಗೆಗಿನ ಶಿಕ್ಷಣ ಬೇರೆ ಎಂದು ಸ್ಪಷ್ಟಪಡಿಸಿತು. ಧರ್ಮಗಳ ಬಗ್ಗೆ ತಿಳಿವಳಿಕೆ ನೀಡುವುದು ಸದರಿ ಅನುಚ್ಛೇದಕ್ಕೆ ವಿರುದ್ಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಅರುಣಾ ರಾಯ್ ಪ್ರಕರಣದಲ್ಲಿ 2002ರಲ್ಲಿ ತೀರ್ಪಿತ್ತಿತು. ಇಷ್ಟಾದರೂ ಸ್ನಾತಕ ಮಟ್ಟದಲ್ಲಿ ಧರ್ಮಾಧ್ಯಯನವನ್ನು ಪ್ರತ್ಯೇಕ ವಿಷಯವಾಗಿ ಬೋಧಿಸುವ ಸಂಸ್ಥೆಗಳು ಭಾರತದಲ್ಲಿ ವಿರಳ. ಈ ವಿಷಯದಲ್ಲಿ ಆಸಕ್ತಿಯುಳ್ಳ ಕೆಲವು ವಿದ್ಯಾರ್ಥಿಗಳು ಹೊರದೇಶದತ್ತ ನೋಡುವುದಕ್ಕೆ ಇದೂ ಒಂದು ಕಾರಣ.

ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳು

ಬ್ರಿಟನ್ನಿನಲ್ಲಿಯೂ ಈ ವಿಷಯವು ಮತದ ಕಟ್ಟುಪಾಡಿನಿಂದ ಹಂತಹಂತವಾಗಿ ಬಿಡಿಸಿಕೊಂಡಿತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಡರ್ಹ್ಯಾಮ್ ವಿಶ್ವವಿದ್ಯಾನಿಲಯಗಳಲ್ಲಿ ಬಹುತೇಕ ಪದವಿ ಹಾಗೂ ಹುದ್ದೆಗಳಿಗೆ ಇದ್ದ ಮತನಿಷ್ಠೆಯ ಷರತ್ತನ್ನು 1871ರ ಕಾಯಿದೆಯು ರದ್ದುಪಡಿಸಿತು. ಆದರೆ ದೈವಶಾಸ್ತ್ರದ ಪದವಿಗಳನ್ನು ಆಗ ಹೊರಗಿಡಲಾಗಿತ್ತು. 1967ರಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ ನಿನಿಯನ್ ಸ್ಮಾರ್ಟ್ ಅವರ ನೇತೃತ್ವದಲ್ಲಿ ಆರಂಭವಾದ ವಿಭಾಗವು ಎಲ್ಲ ಮತಗಳನ್ನೂ ಸಮಾನವಾಗಿ ಅಧ್ಯಯನಕ್ಕೊಳಪಡಿಸುವ ಪದ್ಧತಿಗೆ ಬುನಾದಿ ಹಾಕಿತು. ಮತವೊಂದನ್ನು ಕೇವಲ ಸಿದ್ಧಾಂತದಿಂದ ಅಳೆಯದೆ ಆಚರಣೆ, ಅನುಭವ, ಪುರಾಣಕಥನ, ನೀತಿ, ಸಾಮಾಜಿಕ ಸಂಘಟನೆ, ಕಟ್ಟಡ-ಕಲೆ ಮುಂತಾದ ಮುಖಗಳಿಂದಲೂ ನೋಡಬೇಕೆಂದು ಅವರು ಪ್ರತಿಪಾದಿಸಿದರು.

ಇಂಗ್ಲೆಂಡಿನಲ್ಲಿ ಈ ಪದವಿಯ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಸ್ಕಾಟ್ಲೆಂಡಿನಲ್ಲಿ ನಾಲ್ಕು ವರ್ಷ. ಎಡಿನ್‌ಬರೊ, ಗ್ಲಾಸ್ಗೋ, ಸೇಂಟ್ ಆಂಡ್ರೂಸ್ ಮತ್ತು ಅಬರ್ಡೀನ್ ವಿಶ್ವವಿದ್ಯಾನಿಲಯಗಳಲ್ಲಿ ಕಲಾ ವಿಭಾಗದ ಮೊದಲ ಪದವಿಯನ್ನೇ ‘ಎಂ.ಎ. ಆನರ್ಸ್’ ಎಂದು ಕರೆಯಲಾಗುತ್ತದೆ. ಹೆಸರು ಎಂ.ಎ. ಎಂದಿದ್ದರೂ ಅದು ಸ್ನಾತಕೋತ್ತರ ಪದವಿಯಲ್ಲ. ಸ್ನಾತಕ ಪದವಿಯೇ ಆಗಿರುತ್ತದೆ. ಮುಂದೆ ಉದ್ಯೋಗಕ್ಕೆ ಅರ್ಜಿ ಸಲ್ಲಿಸುವಾಗ ಈ ಅಂಶವು ಗೊಂದಲಕ್ಕೆ ಎಡೆಮಾಡಿಕೊಡಬಾರದು.

ಭಾರತೀಯ ಪರಂಪರೆಗಳನ್ನು ವಿಶೇಷವಾಗಿ ಅಭ್ಯಸಿಸಬಯಸುವವರು ಆಯಾ ಭಾಷೆಗಳ ಬೋಧನೆ ಇದೆಯೇ ಎಂದು ವಿಚಾರಿಸತಕ್ಕದ್ದು. ಲಂಡನ್ನಿನ ‘ಸೋಆಸ್’ ಸಂಸ್ಥೆಯಲ್ಲಿ ಜೈನ ಅಧ್ಯಯನಕ್ಕೆ ಪ್ರತ್ಯೇಕ ಕೇಂದ್ರವಿದೆ. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಸಂಕಲನ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಪ್ರಕಟವಾದಾಗಿನಿಂದ ವಚನಗಳು ಹೊರದೇಶದ ತರಗತಿಗಳನ್ನೂ ಮುಟ್ಟಿವೆ. ಇತರರು ಅನುವಾದದಲ್ಲಿ ಓದುವ ವಚನಗಳನ್ನೂ ಜೈನ ಕಾವ್ಯಗಳನ್ನೂ ಮೂಲದಲ್ಲಿ ಓದಬಲ್ಲ ಕನ್ನಡ ವಿದ್ಯಾರ್ಥಿಗೆ ಈ ವಿಷಯದಲ್ಲಿ ನಿಜವಾದ ಅನುಕೂಲವಿದೆ. ಆದರೆ ಮನೆಯಲ್ಲಿ ಪೂಜ್ಯವೆಂದು ಕಲಿತ ಗ್ರಂಥದ ಕಾಲ, ಕರ್ತೃತ್ವ ಮತ್ತು ಪಾಠಾಂತರಗಳನ್ನು ತರಗತಿಯಲ್ಲಿ ಪ್ರಶ್ನಿಸಲಾಗುತ್ತದೆ. ಇತರ ಮತಗಳಿಗೆ ಅನ್ವಯಿಸುವ ಅಳತೆಗೋಲನ್ನು ತನ್ನ ಮತಕ್ಕೂ ಅನ್ವಯಿಸಲು ವಿದ್ಯಾರ್ಥಿಯು ಮನಸ್ಸನ್ನು ಸಿದ್ಧಗೊಳಿಸಿಕೊಂಡಿರಬೇಕು. ಇದನ್ನು ಪೋಷಕರೊಡನೆ ಮುಂಚಿತವಾಗಿಯೇ ಚರ್ಚಿಸುವುದು ಸೂಕ್ತ.

ಪ್ರವೇಶ ವಿಧಾನ

1. ಸ್ನಾತಕ ಪದವಿಗೆ ಅರ್ಜಿಗಳನ್ನು ಸಾಮಾನ್ಯವಾಗಿ ‘ಯೂಕಾಸ್’ ಎಂಬ ಕೇಂದ್ರೀಕೃತ ವ್ಯವಸ್ಥೆಯ ಮೂಲಕ ಸಲ್ಲಿಸಬೇಕು. ಒಂದು ಅರ್ಜಿಯಲ್ಲಿ ಗರಿಷ್ಠ ಐದು ಆಯ್ಕೆಗಳಿಗೆ ಅವಕಾಶವಿದೆ.

2. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್‌ಗೆ ಅರ್ಜಿ ಸಲ್ಲಿಸಲು ಪ್ರವೇಶದ ಹಿಂದಿನ ವರ್ಷದ ಅಕ್ಟೋಬರ್ 15 ಕೊನೆಯ ದಿನ. ಇವೆರಡಕ್ಕೂ ಸಾಮಾನ್ಯವಾಗಿ ಒಂದೇ ವರ್ಷ ಅರ್ಜಿ ಸಲ್ಲಿಸುವಂತಿಲ್ಲ. ಉಳಿದ ಬಹುತೇಕ ಪದವಿಗಳ ಮುಖ್ಯ ಗಡುವು ಜನವರಿಯಲ್ಲಿರುತ್ತದೆ.

3. 2026ರ ಪ್ರವೇಶದಿಂದ ವೈಯಕ್ತಿಕ ಹೇಳಿಕೆಯನ್ನು ಮೂರು ಪ್ರಶ್ನೆಗಳಿಗೆ ಉತ್ತರದ ರೂಪದಲ್ಲಿ ಬರೆಯಬೇಕು. ಒಟ್ಟು ಮಿತಿ 4,000 ಅಕ್ಷರಗಳು. ಇಲ್ಲಿ ಭಕ್ತಿಯ ನಿವೇದನೆಗಿಂತ, ಓದಿದ ಪುಸ್ತಕ ಮತ್ತು ಎದ್ದ ಪ್ರಶ್ನೆಗಳ ವಿವರಣೆ ಹೆಚ್ಚು ಉಪಯುಕ್ತ.

4. ಧರ್ಮಾಧ್ಯಯನವನ್ನು ಮೊದಲೇ ಓದಿರಬೇಕೆಂಬ ನಿಯಮ ಸಾಮಾನ್ಯವಾಗಿ ಇಲ್ಲ. ಇತಿಹಾಸ, ಸಾಹಿತ್ಯ ಮುಂತಾದ ಪ್ರಬಂಧ ಬರವಣಿಗೆಯುಳ್ಳ ವಿಷಯಗಳು ಸಹಾಯಕ. ರಾಜ್ಯ ಮಂಡಳಿಯ ಅಂಕಗಳಿಗೆ ಹಾಗೂ ಇಂಗ್ಲಿಷ್ ಭಾಷಾ ಸಾಮರ್ಥ್ಯಕ್ಕೆ ಪ್ರತಿ ವಿಶ್ವವಿದ್ಯಾನಿಲಯವೂ ತನ್ನದೇ ಮಾನದಂಡವನ್ನು ನಿಗದಿಪಡಿಸಿರುತ್ತದೆ.

ವೆಚ್ಚ ಮತ್ತು ವಿದ್ಯಾರ್ಥಿವೇತನ

ವಿದೇಶಿ ವಿದ್ಯಾರ್ಥಿಗಳ ಬೋಧನಾ ಶುಲ್ಕವು ಸ್ಥಳೀಯರ ಶುಲ್ಕಕ್ಕಿಂತ ಗಣನೀಯವಾಗಿ ಹೆಚ್ಚು. ಶುಲ್ಕವಲ್ಲದೆ ಜೀವನ ನಿರ್ವಹಣೆಯ ಹಣವನ್ನೂ ವೀಸಾ ಅರ್ಜಿಯೊಡನೆ ತೋರಿಸಬೇಕು. 2025ರ ನವೆಂಬರ್ 11ರಿಂದ ಜಾರಿಗೆ ಬಂದ ದರದಂತೆ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಲಂಡನ್ನಿನ ಹೊರಗೆ 1,171 ಪೌಂಡ್‌ನಂತೆ ಗರಿಷ್ಠ ಒಂಬತ್ತು ತಿಂಗಳ ಮೊತ್ತವು ಖಾತೆಯಲ್ಲಿ ಸತತ 28 ದಿನ ಇರತಕ್ಕದ್ದು. ಆರೋಗ್ಯ ಮೇಲ್ತೆರಿಗೆಯು ವಿದ್ಯಾರ್ಥಿಗಳಿಗೆ 2024ರ ಫೆಬ್ರವರಿಯಿಂದ ವರ್ಷಕ್ಕೆ 776 ಪೌಂಡ್ ಆಗಿದ್ದು, ವೀಸಾದ ಪೂರ್ಣ ಅವಧಿಗೆ ಮುಂಗಡವಾಗಿ ಪಾವತಿಸಬೇಕು.

ಸ್ನಾತಕ ಮಟ್ಟದಲ್ಲಿ ವಿದ್ಯಾರ್ಥಿವೇತನಗಳು ಅತ್ಯಲ್ಪ. ಚೀವನಿಂಗ್ ವಿದ್ಯಾರ್ಥಿವೇತನವು ಒಂದು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ ಮಾತ್ರ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಸ್ನಾತಕೋತ್ತರ ಮತ್ತು ಪಿಎಚ್.ಡಿ.ಗೆ ಸೀಮಿತ; ಅದರಲ್ಲಿಯೂ ಭಾರತೀಯ ಸಂಸ್ಕೃತಿ, ಪರಂಪರೆ ಮತ್ತು ಇತಿಹಾಸಕ್ಕೆ ಸಂಬಂಧಿಸಿದ ವಿಷಯಗಳನ್ನು 2022ರ ಮಾರ್ಗಸೂಚಿಯಲ್ಲಿ ಕೈಬಿಡಲಾಯಿತು. ಆದ್ದರಿಂದ ಮೊದಲ ವರ್ಷದ ಹಣ ಹೊಂದಿಸಿ, ಉಳಿದುದನ್ನು ಮುಂದೆ ದೊರೆಯಬಹುದಾದ ನೆರವಿಗೆ ಬಿಡುವುದು ಅಪಾಯಕರ. ಜಮೀನು ಅಥವಾ ಮನೆಯನ್ನು ಅಡಮಾನವಿಡುವ ಕುಟುಂಬಗಳು ಪೂರ್ಣ ಅವಧಿಯ ಲೆಕ್ಕ ಹಾಕಿದ ನಂತರವೇ ಮುಂದುವರಿಯತಕ್ಕದ್ದು.

ವೀಸಾ ನಿಬಂಧನೆಗಳು

ಹಿಂದಿನ ‘ಟಿಯರ್ 4’ ವೀಸಾದ ಬದಲಿಗೆ 2020ರ ಅಕ್ಟೋಬರ್ 5ರಿಂದ ವಿದ್ಯಾರ್ಥಿ ವೀಸಾ ಜಾರಿಯಲ್ಲಿದೆ. ವಿಶ್ವವಿದ್ಯಾನಿಲಯವು ನೀಡುವ ‘ಕ್ಯಾಸ್’ ಎಂಬ ಪ್ರವೇಶ ದೃಢೀಕರಣ ಹಾಗೂ ಭಾರತದಲ್ಲಿ ಮಾಡಿಸಿದ ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ ಕಡ್ಡಾಯ. ವೀಸಾ ಅಧಿಕಾರಿಗಳು ಸಂದರ್ಶನ ನಡೆಸಿದಲ್ಲಿ ಈ ವಿಷಯವನ್ನೇ ಏಕೆ ಆರಿಸಿಕೊಂಡಿರಿ ಎಂಬ ಪ್ರಶ್ನೆಗೆ ವಿದ್ಯಾರ್ಥಿಯು ಸ್ವಂತ ಮಾತಿನಲ್ಲಿ ಉತ್ತರಿಸಬಲ್ಲವನಾಗಿರಬೇಕು.

ಪದವಿ ವಿದ್ಯಾರ್ಥಿಗಳು ತರಗತಿಗಳ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮೀರದಂತೆ ಕೆಲಸ ಮಾಡಬಹುದು. ಸ್ವಯಂ ಉದ್ಯೋಗಕ್ಕೆ ಅವಕಾಶವಿಲ್ಲ. ಮನೆಮನೆಗೆ ತೆರಳಿ ಶುಲ್ಕ ಪಡೆದು ಪೌರೋಹಿತ್ಯ ಮಾಡುವುದು ಸ್ವಯಂ ಉದ್ಯೋಗವೆಂದು ಪರಿಗಣಿತವಾಗಬಹುದಾದ್ದರಿಂದ ವಿದ್ಯಾರ್ಥಿಗಳು ಎಚ್ಚರ ವಹಿಸತಕ್ಕದ್ದು. ಅರ್ಚಕ, ಪಾದ್ರಿ ಅಥವಾ ಇಮಾಮರಾಗಿ ಸೇವೆ ಸಲ್ಲಿಸಲು ತೆರಳುವವರಿಗೆ ಪ್ರತ್ಯೇಕ ವೀಸಾ ವರ್ಗಗಳಿವೆ. ವ್ಯಾಸಂಗದ ನಂತರ ಉದ್ಯೋಗ ಹುಡುಕಲು ನೀಡುವ ಪದವೀಧರ ವೀಸಾದ ಅವಧಿಯನ್ನು, 2027ರ ಜನವರಿ 1ರಿಂದ ಸಲ್ಲಿಸುವ ಅರ್ಜಿಗಳಿಗೆ, ಎರಡು ವರ್ಷಗಳಿಂದ 18 ತಿಂಗಳಿಗೆ ಇಳಿಸಲಾಗಿದೆ.

ವಿಭಾಗದ ಭದ್ರತೆ

ಬ್ರಿಟನ್ನಿನಲ್ಲಿ ಈ ವಿಷಯದ ವಿದ್ಯಾರ್ಥಿಗಳ ಸಂಖ್ಯೆ ಕುಸಿದಿದ್ದು, ಕೆಲವು ವಿಭಾಗಗಳು ಮುಚ್ಚಿವೆ ಅಥವಾ ಮುಚ್ಚುವ ಹಂತದಲ್ಲಿವೆ. ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರಕ್ಕೆ ಹೆಸರಾಗಿದ್ದ ಲಂಡನ್ನಿನ ಹೀತ್ರಾಪ್ ಕಾಲೇಜು ಈಗ ಇಲ್ಲ. ಕೆಂಟ್ ವಿಶ್ವವಿದ್ಯಾನಿಲಯವು ಧರ್ಮಾಧ್ಯಯನವನ್ನು ಹಂತಹಂತವಾಗಿ ಕೈಬಿಡಲು 2024ರಲ್ಲಿ ತೀರ್ಮಾನಿಸಿತು. ಸ್ಥಳೀಯ ವಿದ್ಯಾರ್ಥಿಗೆ ಇದು ಅನನುಕೂಲವಾದರೆ, ವೀಸಾವು ವಿಶ್ವವಿದ್ಯಾನಿಲಯಕ್ಕೆ ಬದ್ಧವಾಗಿರುವ ವಿದೇಶಿ ವಿದ್ಯಾರ್ಥಿಗೆ ಇದು ದೇಶದಲ್ಲಿ ಉಳಿಯುವ ಹಕ್ಕಿನ ಪ್ರಶ್ನೆಯಾಗಬಹುದು. ಶುಲ್ಕ ಪಾವತಿಸುವ ಮುನ್ನ, ಪದವಿ ಮುಗಿಯುವವರೆಗೆ ಬೋಧನೆ ಮುಂದುವರಿಯುವುದೇ, ನಿಂತಲ್ಲಿ ಪರ್ಯಾಯವೇನು ಎಂದು ಲಿಖಿತವಾಗಿ ಕೇಳಿ ಉತ್ತರವನ್ನು ಕಾಪಿಟ್ಟುಕೊಳ್ಳಬೇಕು.

ಸ್ವದೇಶದಲ್ಲಿ ಮಾನ್ಯತೆ ಮತ್ತು ಉದ್ಯೋಗ

ಶೈಕ್ಷಣಿಕ ಅರ್ಹತೆಗಳ ಪರಸ್ಪರ ಮಾನ್ಯತೆಗಾಗಿ ಭಾರತ ಮತ್ತು ಬ್ರಿಟನ್ 2022ರ ಜುಲೈನಲ್ಲಿ ಒಪ್ಪಂದ ಮಾಡಿಕೊಂಡಿವೆ. ವಿದೇಶಿ ಪದವಿಗಳ ತತ್ಸಮಾನತೆಯ ಕುರಿತು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2025ರ ಏಪ್ರಿಲ್‌ನಲ್ಲಿ ನಿಯಮಾವಳಿಯನ್ನು ಪ್ರಕಟಿಸಿದೆ. ಪದವಿ ನೀಡಿದ ಸಂಸ್ಥೆಯು ಆ ದೇಶದಲ್ಲಿ ಮಾನ್ಯತೆ ಪಡೆದಿರಬೇಕು ಹಾಗೂ ಪ್ರವೇಶದ ಅರ್ಹತೆಯು ಭಾರತದ ಅರ್ಹತೆಗೆ ಸರಿಸಮವಾಗಿರಬೇಕು ಎಂಬುವು ಅದರ ಮುಖ್ಯ ಷರತ್ತುಗಳು.

ಧರ್ಮಾಧ್ಯಯನವು ನಮ್ಮ ಶಾಲೆಗಳಲ್ಲಿ ಬೋಧನಾ ವಿಷಯವಲ್ಲದ ಕಾರಣ ಈ ಪದವಿಯಿಂದ ಶಿಕ್ಷಕ ಹುದ್ದೆಯ ನೇರ ದಾರಿ ತೆರೆಯುವುದಿಲ್ಲ. ಆದರೆ ಸ್ನಾತಕೋತ್ತರ ಪದವಿಯ ನಂತರ ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಪಟ್ಟಿಯಲ್ಲಿ ‘ಧರ್ಮಗಳ ತೌಲನಿಕ ಅಧ್ಯಯನ’ ಎಂಬ ವಿಷಯವಿದ್ದು, ಕಾಲೇಜು ಬೋಧನೆ ಮತ್ತು ಸಂಶೋಧನೆಗೆ ಅದು ಮಾರ್ಗವಾಗುತ್ತದೆ. ಪತ್ರಿಕೋದ್ಯಮ, ವಸ್ತುಸಂಗ್ರಹಾಲಯ, ಪ್ರಕಾಶನ, ಸಮಾಜಸೇವೆ ಹಾಗೂ ಯಾವುದೇ ವಿಷಯದ ಪದವಿ ಸಾಕಾಗುವ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿಯೂ ಇದರ ತರಬೇತಿ ಉಪಯೋಗಕ್ಕೆ ಬರುತ್ತದೆ.

ಅರ್ಜಿ ಸಲ್ಲಿಸುವ ಮುನ್ನ

ವಿದ್ಯಾರ್ಥಿ ಮತ್ತು ಪೋಷಕರು ಈ ಕೆಳಕಂಡ ಪ್ರಶ್ನೆಗಳಿಗೆ ಒಟ್ಟಿಗೆ ಕುಳಿತು ಉತ್ತರ ಕಂಡುಕೊಳ್ಳತಕ್ಕದ್ದು.

ಅ) ಬೇಕಾಗಿರುವುದು ಧರ್ಮದ ಅಧ್ಯಯನವೋ, ಧರ್ಮದಲ್ಲಿ ದೀಕ್ಷೆಯೋ?
ಆ) ಸ್ವಂತ ಪರಂಪರೆಯನ್ನು ವಿಮರ್ಶೆಗೊಳಪಡಿಸಲು ಸಿದ್ಧತೆ ಇದೆಯೇ?
ಇ) ಪೂರ್ಣ ಅವಧಿಯ ಹಣದ ಏರ್ಪಾಡು ಆಗಿದೆಯೇ?
ಈ) ಪದವಿಯ ನಂತರದ ಮುಂದಿನ ಹೆಜ್ಜೆ ಸ್ಪಷ್ಟವಿದೆಯೇ?

ಮೊದಲ ಪ್ರಶ್ನೆಗೆ ದೀಕ್ಷೆ ಎಂಬುದು ಉತ್ತರವಾದಲ್ಲಿ ವಿಶ್ವವಿದ್ಯಾನಿಲಯದ ಈ ಪದವಿಯು ಸೂಕ್ತವಲ್ಲ. ಅದಕ್ಕೆ ಆಯಾ ಪರಂಪರೆಯ ಪಾಠಶಾಲೆ, ಸೆಮಿನರಿ ಮತ್ತು ಮದರಸಗಳಿವೆ. ಅಧ್ಯಯನವೇ ಎಂಬುದು ಉತ್ತರವಾಗಿದ್ದು ಉಳಿದ ಮೂರಕ್ಕೂ ಸಮಾಧಾನಕರ ಉತ್ತರ ದೊರೆತಲ್ಲಿ ಅರ್ಜಿ ಸಲ್ಲಿಸಲು ಮುಂದಾಗಬಹುದು. ಶುಲ್ಕ ಮತ್ತು ವೀಸಾ ದರಗಳು ಆಗಿಂದಾಗ್ಗೆ ಪರಿಷ್ಕರಣೆಗೊಳ್ಳುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ದರಗಳನ್ನು ಸಂಬಂಧಪಟ್ಟ ವಿಶ್ವವಿದ್ಯಾನಿಲಯ ಮತ್ತು ಬ್ರಿಟಿಷ್ ಸರ್ಕಾರದ ಅಧಿಕೃತ ಪ್ರಕಟಣೆಗಳಲ್ಲಿ ಖಚಿತಪಡಿಸಿಕೊಳ್ಳಲು ಸೂಚಿಸಲಾಗಿದೆ.